ಕತ್ತರಿ ಗುರುತಿನ ಎರಡು ಅಂಕಿ

ನಮ್ಮೂರ ಆಸ್ಪತ್ರೆಯ ಹೊರಗೋಡೆಯ ಮೇಲೆ, ಸಂತೆಬೀದಿಗೆ ಎದುರಾಗಿ, ಒಂದು ಕರಿಹಲಗೆ ಇದೆ. ಅದರಲ್ಲಿ ನನ್ನ ಗುರುತು ಕತ್ತರಿ. ಸಕ್ಕರೆ ಕಾಯಿಲೆ ಇರುವ ಮೂವತ್ತೊಂದು ಜನಕ್ಕೂ ಅಲ್ಲಿ ಒಂದೊಂದು ಗುರುತು ಇದೆ. ಕೊಡೆ, ತಂಬಿಗೆ, ಬೀಗ, ಕೋಳಿ, ಹೀಗೆ. ಹೆಸರು ಬರೆಯುವ ಹಾಗಿಲ್ಲ, ಮಾತು ಬರೆಯುವ ಹಾಗಿಲ್ಲ. ಬರಿಹೊಟ್ಟೆಯ ಅಂಕಿ ಒಂದು, ತಿಂಡಿಯ ಹೊತ್ತು ಕಳೆದು ಎರಡು ಗಂಟೆಯಾದ ಮೇಲೆ ನೋಡಿದ ಅಂಕಿ ಇನ್ನೊಂದು, ಇವೆರಡನ್ನು ಚೀಟಿಯಲ್ಲಿ ಬರೆದು ಆಸ್ಪತ್ರೆಯ ಡಬ್ಬಿಗೆ ಹಾಕಬೇಕು. ಹನ್ನೊಂದು ಗಂಟೆಗೆ ಸಿಸ್ಟರ್ ಫಿಲೋಮಿನಾ ಸೀಮೆಸುಣ್ಣ ಹಿಡಿದು ಎಲ್ಲರದನ್ನೂ ಹಲಗೆಯ ಮೇಲೆ ಬರೆಯುತ್ತಾರೆ. ಯಾರದು ಯಾವ ಗುರುತು ಎಂಬುದು ಗುಟ್ಟಾಗಿರಬೇಕು. ನಾನು ಮಹಾ ಜಾಣೆ, ಟೈಲರ್ ಆಗಿದ್ದುಕೊಂಡು ಕತ್ತರಿಯನ್ನೇ ಕೇಳಿ ಪಡೆದೆ.

ಹಲಗೆ ಇರುವುದು ಕಾಯಿಲೆಯವರಿಗಾಗಿ ಅಲ್ಲ, ತಿನ್ನುವವರಿಗಾಗಿ. ನಮ್ಮೂರಲ್ಲಿ ಬೆಳಗಿನ ತಿಂಡಿಯ ರುಚಿ ತಿಂದವರ ನಾಲಿಗೆಗೆ, ತುಂಬುವುದು ತಿಂದವರ ಹೊಟ್ಟೆ, ಕಸುವು ಸೇರುವುದೂ ಅವರ ಕೈಕಾಲಿಗೇ. ಸಕ್ಕರೆ ಮಾತ್ರ ಏರುವುದು ಊರಿನ ಇನ್ನೊಬ್ಬರ ರಕ್ತದಲ್ಲಿ. ಮಧ್ಯಾಹ್ನದ್ದು, ರಾತ್ರಿಯದ್ದು ಅವರವರದೇ. ಬೆಳಗಿನದು ಮಾತ್ರ ಹೀಗೆ. ಮುಚ್ಚಿಹೋದ ಹತ್ತಿ ಗಿರಣಿಯ ಸೈರನ್ ಏಳೂವರೆಗೆ ಕೂಗಿದಾಗ ಊರಿಗೆ ಊರೇ ತಟ್ಟೆಯ ಮುಂದೆ ಕೂತಿರುತ್ತದೆ. ಆಮೇಲೆ ಮಧ್ಯಾಹ್ನದವರೆಗೆ ಯಾರೂ ಬಾಯಾಡಿಸುವುದಿಲ್ಲ. ಯಾರು ತಿಂದದ್ದು ಯಾರಿಗೆ ಹೋಗುತ್ತದೆ ಎಂದು ಯಾರಿಗೂ ತಿಳಿಯದು. ‘ನಿಮ್ಮದು ಯಾರಿಗೆ?’ ಎಂದು ಕೇಳುವುದು ನಮ್ಮಲ್ಲಿ ಹೆಂಗಸರ ವಯಸ್ಸು ಕೇಳುವುದಕ್ಕಿಂತ ಕೆಟ್ಟ ನಡತೆ. ಹಿಂದೆ ಕೇಳುತ್ತಿದ್ದ ಕಾಲವೊಂದಿತ್ತಂತೆ, ಆಗ ಮನೆಮನೆಗಳಲ್ಲಿ ಹೊಡೆದಾಟವಾಗುತ್ತಿತ್ತಂತೆ.

ಕೆಲವರು ಒಳ್ಳೆಯವರಿರುತ್ತಾರೆ. ಒಂದು ದಿನ ತಿಂಡಿ ಕಡಿಮೆ ಮಾಡಿ, ಹನ್ನೊಂದಕ್ಕೆ ಹಲಗೆಯ ಮುಂದೆ ಬಂದು ನಿಲ್ಲುತ್ತಾರೆ. ಯಾವ ಗುರುತಿನ ಎರಡನೇ ಅಂಕಿ ಇಳಿದಿದೆಯೋ ಅದರ ಮೇಲೆ ಕಣ್ಣಿಟ್ಟು, ಮತ್ತೆರಡು ಸಲ ಹಾಗೇ ಮಾಡಿ ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ಯಾರಿಗೂ ಹೇಳದೆ ಇಡ್ಲಿ ನಾಲ್ಕಿದ್ದದ್ದನ್ನು ಎರಡು ಮಾಡಿಕೊಳ್ಳುತ್ತಾರೆ. ಉಳಿದವರು ಹಲಗೆಯ ಕಡೆ ತಿರುಗಿಯೂ ನೋಡುವುದಿಲ್ಲ. ನಾನೂ ನನ್ನ ಕತ್ತರಿಯ ಸಾಲು ಬಿಟ್ಟು ಇನ್ನೊಂದು ಸಾಲು ನೋಡಿದವಳಲ್ಲ. ಅದರ ವಿಷಯ ಮುಂದೆ ಹೇಳುತ್ತೇನೆ.

ನನ್ನ ಹೆಸರು ಸರ್ವಮಂಗಳ. ನಾನು ಹೇಳುತ್ತಿರುವುದು ನನಗೆ ಐವತ್ತೆರಡಾಗಿದ್ದಾಗಿನ ಮಾತು. ಮದುವೆಯಾಗಲಿಲ್ಲ, ಹೊಲಿಗೆ ಮಿಷನ್ನೇ ಸಂಸಾರವಾಯಿತು. ಈ ಊರಿನ ಹೆಂಗಸರ ಬೆನ್ನು, ತೋಳು, ಕಂಕುಳ ಅಳತೆ ನನಗೆ ಬಾಯಿಪಾಠ. ಆ ವರ್ಷ ಒಂದು ದಿನ ರವಿಕೆಯೊಂದಕ್ಕೆ ಕೊಕ್ಕೆಗಳನ್ನು ತಪ್ಪು ಪಟ್ಟಿಗೆ ಹೊಲಿದುಬಿಟ್ಟೆ. ಇನ್ನೊಂದು ದಿನ ಬಿಳಿ ಬಟ್ಟೆಯ ಮೇಲೆ ಕರಿಚುಕ್ಕಿಗಳು ಕಂಡವು, ಒರೆಸಿದರೆ ಹೋಗಲಿಲ್ಲ. ಚುಕ್ಕಿ ಬಟ್ಟೆಯಲ್ಲಿರಲಿಲ್ಲ, ನನ್ನ ಕಣ್ಣಲ್ಲಿತ್ತು. ತಿಂಗಳಿಗೊಮ್ಮೆ ಬರುವ ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ನೋಡಿ, ಕಣ್ಣಿನ ಹಿಂದೆ ರಕ್ತ ಜಿನುಗಿದೆ ಎಂದರು. ಮಾತ್ರೆ ನುಂಗುತ್ತಿದ್ದೆ, ಮಧ್ಯಾಹ್ನ ರಾತ್ರಿ ಪಥ್ಯದಲ್ಲಿದ್ದೆ, ಬರಿಹೊಟ್ಟೆಯ ಅಂಕಿ ನೂರಿಪ್ಪತ್ತರ ಆಸುಪಾಸಿನಲ್ಲಿ ಲಕ್ಷಣವಾಗಿತ್ತು. ಆದರೆ ಸೈರನ್ ಕೂಗಿ ಎರಡು ಗಂಟೆಯಾದ ಮೇಲೆ ನೋಡಿದರೆ ಮುನ್ನೂರು. ದಿನಾ ಮುನ್ನೂರು.

“ಈ ಬೆಳಗಿನ ಏರು ಹೀಗೇ ಇದ್ದರೆ ಒಂದು ವರ್ಷದಲ್ಲಿ ಸೂಜಿಗೆ ದಾರ ಪೋಣಿಸೋದು ಮರೆತುಬಿಡಿ,” ಎಂದರು ಡಾಕ್ಟರು.

ಸಿಸ್ಟರ್ ಫಿಲೋಮಿನಾ ನನ್ನನ್ನು ಪಕ್ಕಕ್ಕೆ ಕರೆದರು. “ತಿನ್ನೋದು ನಿನ್ನ ಕೈಲಿಲ್ಲ, ಒಪ್ತೀನಿ. ನಡೆಯೋದು ಇದೆಯಲ್ಲ? ತಿಂಡಿ ಹೊತ್ತಾದ ಮೇಲೆ ಅರ್ಧ ಗಂಟೆ ಕೆರೆ ಏರಿ ಮೇಲೆ ನಡಿ ಸರ್ವಮಂಗಳಾ. ರಕ್ತದಲ್ಲಿರೋದು ಸ್ವಲ್ಪ ಕರಗತ್ತೆ.”

“ಯಾರೋ ತಿಂದು ತೇಗಿದ್ದನ್ನ ಕರಗಿಸೋಕೆ ನಾನ್ಯಾಕೆ ಕಾಲು ಸವೆಸಲಿ ಸಿಸ್ಟರ್?” ಎಂದೆ. ಆಗ ನನ್ನ ಬಾಯಿ ಹಾಗಿತ್ತು. ಈಗಲೂ ಏನೂ ಕಡಿಮೆಯಿಲ್ಲ.

ಆ ‘ಯಾರೋ’ ಯಾರೆಂದು ನನಗೆ ಒಳಗೊಳಗೇ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಎದುರು ಮನೆಯ ಗಿರಿಜಾಂಬ. ಅವಳ ಗಂಡ ಬಸ್ ಕಂಡಕ್ಟರ್, ಮನೆಯಲ್ಲಿ ಇಬ್ಬರೇ. ದಿನಾ ಬೆಳಗ್ಗೆ ಅವಳ ಅಡುಗೆಮನೆಯಿಂದ ಪೂರಿ ಕರಿಯುವ ವಾಸನೆ ಬೀದಿ ದಾಟಿ ನನ್ನ ಮಿಷನ್ನಿನವರೆಗೆ ಬರುತ್ತಿತ್ತು. ಪೂರಿ, ಆಲೂಗಡ್ಡೆ ಸಾಗು, ಮೇಲೆ ಎರಡು ಚಮಚ ಸಕ್ಕರೆ ಹಾಕಿದ ಕಾಫಿ. ಆ ವಾಸನೆ ಬಂದಾಗಲೆಲ್ಲ ನನ್ನ ಕಣ್ಣು ಇನ್ನಷ್ಟು ಮಂಜಾದಂತೆ ಅನಿಸಿ ಮೈ ಉರಿಯುತ್ತಿತ್ತು.

ಒಂದು ದಿನ ನನ್ನ ಎರಡನೇ ಅಂಕಿ ನೂರಿಪ್ಪತ್ತಾರು ಬಂತು. ನಂಬದೆ ಇನ್ನೊಂದು ಬೆರಳಿಗೆ ಚುಚ್ಚಿಕೊಂಡೆ. ಅದೂ ಅಷ್ಟೇ. ಆಗ ನೆನಪಾಯಿತು, ಆವತ್ತು ಎದುರು ಮನೆಯಿಂದ ಪೂರಿಯ ವಾಸನೆಯೇ ಬಂದಿರಲಿಲ್ಲ. ಸಂಜೆ ನೇರವಾಗಿ ಅವಳ ಮನೆಗೆ ಹೋದೆ.

“ಬೆಳಗ್ಗೆ ಏನ್ ತಿಂದೆ ಗಿರಿಜಾ?”

“ಗ್ಯಾಸ್ ಮುಗಿದೋಗಿತ್ತು ಮಂಗಳಕ್ಕ. ಒಂದ್ ಹಿಡಿ ಕಡ್ಲೆಬೀಜ ಬಾಯಿಗೆ ಹಾಕ್ಕೊಂಡು ನೀರು ಕುಡಿದ್ವಿ. ಯಾಕೆ?”

“ನನ್ನ ಕತ್ತರಿ ಇಳೀತು.”

ಅವಳ ಮುಖ ಬಿಳಿಚಿಕೊಂಡಿತು. “ಅಯ್ಯೋ ಶಿವನೇ, ಅದು ಬಾಯಲ್ಲಿ ಆಡೋ ಮಾತಾ ಅಕ್ಕ?”

“ಆಡ್ತೀನಿ. ನಿನ್ನ ಪೂರಿ ನನ್ನ ಕಣ್ಣು ತಿಂತಾ ಇದೆ. ಊರವರ ಕೆಟ್ಟ ನಡತೆ ಒಳ್ಳೆ ನಡತೆ ಕಟ್ಕೊಂಡು ನಾನು ಕುರುಡಿ ಆಗ್ಲಾ?”

ಗಿರಿಜಾಂಬ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನನಗೆ ಕನಿಕರ ಬರಲಿಲ್ಲ. ಮಾರನೇ ದಿನದಿಂದ ನಾನೇ ತಿಂಡಿ ಮಾಡಿ ಡಬ್ಬಿ ಕೊಡುವುದು, ಅವಳು ಅದನ್ನಷ್ಟೇ ತಿನ್ನುವುದು ಎಂದು ಗೊತ್ತುಮಾಡಿದೆ. ಮೊಳಕೆ ಬಂದ ಹೆಸರುಕಾಳಿನ ಉಸಲಿ, ಮೆಂತ್ಯಸೊಪ್ಪು ಹಾಕಿದ ಒಂದೇ ಒಂದು ತೆಳು ರಾಗಿರೊಟ್ಟಿ, ಸಕ್ಕರೆ ಹಾಕದ ಹಾಲು. ಡಬ್ಬಿ ಕೊಟ್ಟ ಮೊದಲ ದಿನವೇ ನನ್ನ ಅಂಕಿ ಇನ್ನೂರ ಎಂಬತ್ತೆಂಟು. ಕದ್ದು ತಿಂದಿದ್ದೀಯ ಎಂದು ಅವಳ ಮನೆ ಬಾಗಿಲಲ್ಲೇ ನಿಂತು ಬಾಯಿಗೆ ಬಂದಂತೆ ಅಂದೆ. ಮರುದಿನ ನೂರಿಪ್ಪತ್ತೇಳಕ್ಕೆ ಇಳಿಯಿತು. ಅದರ ಮರುದಿನ ನೂರಿಪ್ಪತ್ತೈದು. ಆಮೇಲೆ ದಿನಾ ಹಾಗೇ. ಬೈಗುಳ ಕೆಲಸ ಮಾಡಿದೆ ಎಂದು ನಾನು ಬೀಗಿದೆ.

ಮೂರು ವಾರ ಕಳೆಯಿತು. ಹಲಗೆಯ ಮುಂದೆ ನಿಂತವರು ಕತ್ತರಿಯ ಸಾಲು ತೋರಿಸಿ ತಲೆದೂಗುತ್ತಿದ್ದರು. ಸಿಸ್ಟರ್ ಮಾತ್ರ ಒಂದು ದಿನ ನನ್ನ ಚೀಟಿ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

“ಬರಿಹೊಟ್ಟೆ ನೂರಿಪ್ಪತ್ತೆರಡು, ಆಮೇಲೆ ನೂರಿಪ್ಪತ್ತೈದು. ಕಾಳು ತಿಂದರೂ, ಸೊಪ್ಪು ತಿಂದರೂ ಇಪ್ಪತ್ತೋ ಮೂವತ್ತೋ ಏರಲೇಬೇಕು ಸರ್ವಮಂಗಳಾ. ಇದು ತಿಂದವರ ಅಂಕಿ ಹಾಗೆ ಕಾಣಲ್ಲ.”

“ಒಳ್ಳೇದು ಬಂದ್ರೂ ನಿಮಗೆ ಅನುಮಾನ,” ಎಂದು ನಕ್ಕು ಬಂದೆ.

ಡಾಕ್ಟರು ಆ ತಿಂಗಳು ಮತ್ತೆ ಬೆಳಕು ಬಿಟ್ಟು ನೋಡಿ ಜಿನುಗುವುದು ನಿಂತಿದೆ ಎಂದರು. ಹೋದದ್ದು ಬರುವುದಿಲ್ಲ, ಉಳಿದದ್ದು ಉಳಿಯಬಹುದು ಎಂದರು. ಬೀದಿಯಲ್ಲಿ ನಡೆಯುತ್ತಲೇ ಅತ್ತೆ. ಗಿರಿಜಾಂಬನ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದ ಹಸಿರು ರೇಷ್ಮೆಯ ತುಂಡನ್ನು ತೆಗೆದು, ಅವಳ ಹಳೆಯ ಅಳತೆಯಲ್ಲೇ ರವಿಕೆ ಹೊಲಿದು ಕೊಂಡುಹೋದೆ. ಅಲ್ಲೇ ತೊಡಿಸಿ ನೋಡಿದೆ. ತೋಳು ಹಿಡಿಯಿತು, ಕೊಕ್ಕೆ ಕೂಡಲಿಲ್ಲ. ಟೇಪು ಹಿಡಿದರೆ ತೋಳು ಅರ್ಧ ಇಂಚು, ಸೊಂಟ ಒಂದೂವರೆ ಇಂಚು ಜಾಸ್ತಿ. ಮೂರು ವಾರ ಹೆಸರುಕಾಳು ತಿಂದವಳಿಗೆ ಈ ಮೈ ಎಲ್ಲಿಂದ ಬಂತು?

ಟೇಪನ್ನೂ ಅವಳ ಮುಖವನ್ನೂ ನೋಡಿದೆ. ಗಿರಿಜಾಂಬ ಕುಸಿದು ಕೂತಳು.

“ನನ್ನನ್ನ ಹೊಡೆದುಬಿಡಿ ಅಕ್ಕ. ನೀವು ಕೊಟ್ಟ ಡಬ್ಬಿ ಒಂದು ದಿನಾನೂ ತಿಂದಿಲ್ಲ. ಹಿಂದಿನ ಬೀದಿ ಹಸುಗೆ ಹಾಕ್ತಿದ್ದೆ. ಹಿತ್ತಲಲ್ಲಿ ಸೀಮೆಎಣ್ಣೆ ಸ್ಟೌ ಇಟ್ಕೊಂಡು ಪೂರಿ ಕರೀತಿದ್ದೆ, ನಿಮಗೆ ವಾಸನೆ ಬರಬಾರದು ಅಂತ. ಭಯದಲ್ಲಿ ನಾಲ್ಕರ ಜಾಗದಲ್ಲಿ ಆರು ತಿಂತಿದ್ದೆ. ನಿಮ್ಮ ಅಂಕಿ ಇಳೀತಾನೇ ಇದೆ ಅಂದಾಗ ದೇವರೇ ಕಾಪಾಡಿದ ಅಂದ್ಕೊಂಡೆ.”

ನನಗೆ ಮೊದಲು ನಗು ಬಂತು. ಮೂರು ವಾರದಿಂದ ನಾನು ನೆನೆಹಾಕಿ ಮೊಳಕೆ ಬರಿಸಿದ ಕಾಳು ಹಸುವಿನ ಹೊಟ್ಟೆ ಸೇರಿತ್ತು. ಜೋರಾಗಿ ನಕ್ಕೆ, ಅವಳೂ ಅಳುತ್ತಲೇ ನಕ್ಕಳು. ನಗುತ್ತಿದ್ದ ಹಾಗೇ ಸಿಸ್ಟರ್ ಹೇಳಿದ ಮಾತು ನೆನಪಾಗಿ ನಗು ನಿಲ್ಲಿಸಿದೆ. ಆರು ಪೂರಿ ತಿಂದರೂ ನನ್ನ ಅಂಕಿ ಅಲುಗಲಿಲ್ಲ ಎಂದರೆ ಇವಳದು ನನಗೆ ಬರುವುದಿಲ್ಲ. ನನಗೆ ಬರಬೇಕಾದದ್ದು ಇನ್ಯಾರದೋ. ಮೂರು ವಾರದಿಂದ ಏನೂ ಬರುತ್ತಿಲ್ಲ. ಈ ಊರಲ್ಲಿ ಯಾರೋ ಒಬ್ಬರು ಬೆಳಗ್ಗೆ ತಿನ್ನುತ್ತಿಲ್ಲ. ನನ್ನ ಕಣ್ಣು ಉಳಿದದ್ದು ಅವರ ಹಸಿವಿನಿಂದ.

ರವಿಕೆ ಅಲ್ಲೇ ಬಿಟ್ಟು ಮನೆಗೆ ಬಂದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೇಳಬಾರದು ಎಂಬ ಪದ್ಧತಿಯೇ ಇದೆ, ಅದರ ಹಿಂದೆ ಅಡಗಿ ಕೂತಿದ್ದರೆ ಕಣ್ಣೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಹಾಗೆ ಕೂರಬೇಕೆಂದು ಒಂದು ಗಳಿಗೆ ನನಗೆ ನಿಜವಾಗಿಯೂ ಅನಿಸಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಮಿಷನ್ ಮುಂದೆ ಕೂತು ಸೂಜಿಗೆ ದಾರ ಪೋಣಿಸಿದರೆ ದಾರ ಸಲೀಸಾಗಿ ಹೋಯಿತು, ಅದೇ ತಡೆಯಲಾಗಲಿಲ್ಲ.

ಮರುದಿನ ಸೈರನ್ ಕೂಗಿ ಜನ ತಿಂದು ಎದ್ದ ಮೇಲೆ ಸಂತೆಬೀದಿಯ ಮುಕುಂದಯ್ಯನ ಹೋಟೆಲಿಗೆ ಹೋದೆ. ಊರಲ್ಲಿ ಮನೆಯಡುಗೆ ಇಲ್ಲದವರೆಲ್ಲ ತಿಂಡಿ ತಿನ್ನುವುದು ಅಲ್ಲೇ. ಮುಕುಂದಯ್ಯ ಮೇಜು ಒರೆಸುತ್ತಿದ್ದರು.

“ತಿಂಡಿಗೆ ಬರೋದನ್ನ ಬಿಟ್ಟವರು ಯಾರಾದ್ರೂ ಇದ್ದಾರಾ?” ಎಂದೆ.

“ಕೇಳಬಾರದ್ದನ್ನ ಕೇಳ್ತಿದೀರಿ,” ಎಂದು ಅದೇ ಮೇಜನ್ನು ಮತ್ತೆ ಒರೆಸಿದರು. ನಾನು ಅಲ್ಲಾಡದೆ ನಿಂತಿದ್ದೆ. ಕೊನೆಗೆ ಬಟ್ಟೆ ಹೆಗಲಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು.

“ಸಾಣೆ ಓಬಳಪ್ಪ. ಇವತ್ತಿಗೆ ಇಪ್ಪತ್ತೆರಡು ದಿನ. ಬರ್ತಾನೆ, ಬರೀ ನೀರು ಕುಡಿದು ಹೋಗ್ತಾನೆ. ಹನ್ನೊಂದು ಗಂಟೆಗೆ ಇನ್ನೊಂದ್ಸಲ ಬಂದು, ಕತ್ತರಿ ಎಷ್ಟು ಅಂತ ಕೇಳ್ತಾನೆ. ಅವನಿಗೆ ಅಂಕಿ ಓದೋಕೆ ಬರಲ್ಲ, ನಾನು ಓದಿ ಹೇಳ್ಬೇಕು. ಕಮ್ಮಿ ಇದೆ ಅಂದ್ರೆ ಹಲ್ಲು ಕಿಸ್ಕೊಂಡು ಹೋಗ್ತಾನೆ. ಬೇಡ ಕಣಯ್ಯ ಅಂತ ನಾನೂ ಹೇಳ್ದೆ. ಮೊನ್ನೆ ಚಕ್ರದ ಮುಂದೇನೇ ತಲೆ ತಿರುಗಿ ಬಿದ್ದ.”

ಓಬಳಪ್ಪ ಯಾರೆಂದು ನನಗೆ ಹೇಳಬೇಕಾಗಿರಲಿಲ್ಲ. ಹುಣಸೆಮರದ ಕೆಳಗೆ ಕಾಲಲ್ಲಿ ತುಳಿಯುವ ಸಾಣೆಚಕ್ರ ಇಟ್ಟುಕೊಂಡು, ಊರಿನ ಚಾಕು, ಮಚ್ಚು, ಈಳಿಗೆಮಣೆಗೆಲ್ಲ ಸಾಣೆ ಹಿಡಿಯುವವರು ಅವರೇ. ಇಪ್ಪತ್ತೆಂಟು ವರ್ಷದಿಂದ ನನ್ನ ಕತ್ತರಿ ಅವರ ಕೈಯಲ್ಲೇ ಚೂಪಾಗುತ್ತಿತ್ತು. ಅರವತ್ತೆಂಟು ವರ್ಷ, ಒಂಟಿ ಜೀವ. ನಾನು ಹೋದಾಗ ಮರದ ಹಿಂದಿನ ಕೋಣೆಯಲ್ಲಿ ಹಣೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದರು. ಕೆನ್ನೆ ಒಳಗೆ ಹೋಗಿತ್ತು. ನನ್ನನ್ನು ನೋಡಿ ಚಾಪೆ ಸರಿಮಾಡಿದರು.

“ಕತ್ತರಿ ತಂದ್ರಾ ಟೈಲರಮ್ಮ? ಎರಡು ತಿಂಗಳಾಯ್ತು ಕೊಟ್ಟು.”

“ಯಾಕೆ ಹೀಗೆ ಮಾಡಿದ್ರಿ ಓಬಳಪ್ಪಣ್ಣ?”

ಅವರಿಗೆ ಅರ್ಥವಾಯಿತು. “ಆವತ್ತು ಜ್ವರ ಬಂದಿತ್ತು, ಏನೂ ತಿನ್ಲಿಲ್ಲ. ಮುಕುಂದಯ್ಯ ಹಲಗೆ ಓದ್ತಾ ಇದ್ದ, ಕತ್ತರಿ ಇಳೀತು ಅಂದ. ಮಾರನೇ ದಿನ ತಿಂದೆ, ಏರ್ತು. ಅದರ ಮಾರನೇ ದಿನ ಬಿಟ್ಟೆ, ಇಳೀತು. ಕತ್ತರಿ ಅಂದ್ರೆ ನೀವಲ್ದೆ ಇನ್ಯಾರು? ಕಣ್ಣು ಮಂಜಾಗ್ತಿದೆ ಅಂತ ಊರೆಲ್ಲ ಆಡ್ಕೊಳ್ತಿತ್ತು.”

“ಕಮ್ಮಿ ತಿನ್ಬಹುದಿತ್ತು. ಪೂರ್ತಿ ಬಿಡೋದಾ?”

“ಮುಕುಂದಯ್ಯನ ಹತ್ರ ಇರೋದು ಇಡ್ಲಿ, ಉಪ್ಪಿಟ್ಟು, ಅವಲಕ್ಕಿ. ಯಾವುದು ಎಷ್ಟು ಏರಿಸ್ತದೋ ನಂಗೇನ್ ಗೊತ್ತು? ಕಾಳು ಬೇಯಿಸ್ಕೊಳ್ಳೋಣ ಅಂದ್ರೆ ಒಲೆ ಇಲ್ಲ. ಬಿಡೋದೇ ಸಲೀಸು ಅನ್ನಿಸ್ತು. ನಾನು ಚೂಪು ಮಾಡಿದ ಕತ್ತರಿ ಅದು. ಹಿಡಿಯೋ ಕಣ್ಣೇ ಹೋದ್ಮೇಲೆ ನಾನು ಚಕ್ರ ತುಳಿದು ಏನ್ ಬಂತು?”

ಅವರು ದೊಡ್ಡ ತ್ಯಾಗದ ಮಾತನ್ನೇನೂ ಆಡಲಿಲ್ಲ. ಮಚ್ಚಿಗೆ ಹಿಡಿ ಸಡಿಲವಾಗಿದೆ ಎನ್ನುವಷ್ಟೇ ಸಲೀಸಾಗಿ ಹೇಳಿದರು. ನನಗೆ ಅಳು ತಡೆಯಲಾಗಲಿಲ್ಲ. ಗಿರಿಜಾಂಬನ ಬಾಗಿಲಲ್ಲಿ ನಿಂತು ಕೂಗಾಡಿದ್ದು, ನಾನ್ಯಾಕೆ ನಡೆಯಲಿ ಎಂದದ್ದು, ಬೀಗಿದ್ದು ಎಲ್ಲ ಒಟ್ಟಿಗೇ ನೆನಪಾಯಿತು. ಅವರು ನಾನು ಅತ್ತು ಮುಗಿಸುವವರೆಗೆ ಕಾದರು. ಆಮೇಲೆ ಮೆಲ್ಲಗೆ ಕೇಳಿದರು, ಚುಚ್ಚಬೇಕೆಂದು ಅಲ್ಲ, ತಿಳಿಯಬೇಕೆಂದು.

“ನೀವು ತಿಂದದ್ದೂ ಯಾರಿಗೋ ಹೋಗ್ತದಲ್ಲ ಟೈಲರಮ್ಮ. ಅವರು ಹೆಂಗವ್ರೆ?”

ಕಾಯಿಲೆಯವರಿಗೆ ನಮ್ಮೂರಲ್ಲಿ ಇದೊಂದೇ ಸಮಾಧಾನ, ಬೆಳಗ್ಗೆ ಬೇಕಾದ್ದು ತಿನ್ನಬಹುದು. ನಾನು ವರ್ಷಗಳಿಂದ ದಿನಾ ತಿನ್ನುತ್ತಿದ್ದದ್ದು ಬೆಲ್ಲದ ದೋಸೆ, ಮೇಲೆ ತುಪ್ಪ. ಗಿರಿಜಾಂಬನಿಗೆ ಮೆಂತ್ಯದ ರೊಟ್ಟಿ ತಟ್ಟಿದ ಕಾವಲಿಯ ಮೇಲೇ ನನ್ನ ಬೆಲ್ಲದ ದೋಸೆ ಹುಯ್ದುಕೊಂಡಿದ್ದೆ. ಅದು ಯಾರ ರಕ್ತಕ್ಕೆ ಹೋಗುತ್ತಿತ್ತೋ, ಹಲಗೆಯ ಮುಂದೆ ನಿಂತು ಒಂದು ದಿನವೂ ನೋಡಿರಲಿಲ್ಲ.

“ಅವರಿಗೆ ಕಾಯಿಲೆ ಇಲ್ದೇ ಇರಬಹುದು,” ಎಂದೆ.

“ಇರಬಹುದು,” ಎಂದರು ಓಬಳಪ್ಪ.

ಎದ್ದು ನಿಂತು ಮುಖ ಒರೆಸಿಕೊಂಡೆ. “ನಾಳೆ ಸೈರನ್ ಕೂಗಿದಾಗ ನೀವು ಹೋಟ್ಲಲ್ಲಿ ಕೂತು ತಿನ್ಬೇಕು.”

“ನಿಮ್ಮ ಕಣ್ಣು?”

“ನೀವು ತಿನ್ನಿ. ನಾನು ನಡೀತೀನಿ.”

ಮಾರನೇ ದಿನ ಅವರು ಒಂದು ತಟ್ಟೆ ಅವಲಕ್ಕಿ ತಿಂದರು. ನಾನು ಅರ್ಧ ಗಂಟೆ ಕೆರೆ ಏರಿಯ ಮೇಲೆ ನಡೆದೆ. ಒಂಬತ್ತೂವರೆಗೆ ಬೆರಳಿಗೆ ಚುಚ್ಚಿದರೆ ಇನ್ನೂರ ಹದಿನಾಲ್ಕು. ಕೆಟ್ಟ ಅಂಕಿ ನೋಡಿ ಜೀವನದಲ್ಲಿ ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಚೀಟಿ ತೆಗೆದುಕೊಂಡ ಸಿಸ್ಟರ್ ನನ್ನ ಮುಖ ನೋಡಿದರು. ಬರೆಯುವಾಗ ಕತ್ತರಿಯ ಸಾಲನ್ನು ಸ್ವಲ್ಪ ದಪ್ಪಗೆ ಬರೆದರು ಎಂದು ನನಗೆ ಅನಿಸಿತು.

ಆಮೇಲೆ ಕಲಿಯುವುದು ಶುರುವಾಯಿತು. ಕಲಿತದ್ದು ಮೂವರೂ, ಮುಕುಂದಯ್ಯನೂ ಸೇರಿ. ಬರೀ ಇಡ್ಲಿ ನಾಲ್ಕು ತಿಂದರೆ ಇನ್ನೂರ ಅರವತ್ತು ದಾಟುತ್ತಿತ್ತು. ಮೊದಲು ಒಂದು ಬಟ್ಟಲು ಕಡಲೆಕಾಳು ಉಸಲಿ, ಎರಡು ತುಂಡು ಸೌತೆಕಾಯಿ ತಿಂದು ಆಮೇಲೆ ಎರಡು ಇಡ್ಲಿ ತಿಂದರೆ ನೂರ ಎಂಬತ್ತರ ಒಳಗೇ ನಿಲ್ಲುತ್ತಿತ್ತು. ಉಪ್ಪಿಟ್ಟಿಗೆ ರವೆ ಅರ್ಧ, ಬೀನ್ಸು ಅವರೆಕಾಳು ಅರ್ಧ ಹಾಕಿದರೆ ವಾಸಿ. ಅವಲಕ್ಕಿಗೆ ಕಡಲೆಬೀಜ ಎಷ್ಟು ಸುರಿದರೂ ಅದು ತನ್ನ ಬುದ್ಧಿ ಬಿಡಲಿಲ್ಲ, ವಾರಕ್ಕೊಂದು ದಿನ ಸಾಕು ಎಂದುಕೊಂಡೆವು. ಅವತ್ತು ಓಬಳಪ್ಪನವರ ಮುಖ ಅರಳುತ್ತಿತ್ತಂತೆ, ನಾನು ಆ ದಿನ ಏರಿಯ ಮೇಲೆ ಎರಡು ಸುತ್ತು ಹೆಚ್ಚು ಹಾಕುತ್ತಿದ್ದೆ. ಟೀಯಲ್ಲಿ ಸಕ್ಕರೆ ಬಿಡಿಸಲು ಮೂರು ತಿಂಗಳು ಹಿಡಿಯಿತು. ಮುಕುಂದಯ್ಯ ಮೊದಲು ಒಬ್ಬರಿಗಾಗಿ ಕಾಳು ನೆನೆಹಾಕುತ್ತಿದ್ದವರು, ಆಮೇಲೆ ದೊಡ್ಡ ಪಾತ್ರೆಯಲ್ಲೇ ನೆನೆಹಾಕಿದರು. ಬೇರೆಯವರೂ ಏನೂ ಹೇಳದೆ ಉಸಲಿ ಕೇಳಿ ತಿನ್ನತೊಡಗಿದ್ದರು.

ನಾನೂ ಓಬಳಪ್ಪನವರೂ ಹೆಚ್ಚು ಮಾತಾಡಿದ್ದಿಲ್ಲ. ಊರಿನ ಪದ್ಧತಿಯನ್ನು ಒಮ್ಮೆ ಮುರಿದಿದ್ದೆವು, ಅಷ್ಟು ಸಾಕಾಗಿತ್ತು. ತಿಂಡಿ ಮುಗಿಸಿ ಅವರು ಚಕ್ರ ತುಳಿಯಲು ಕೂರುತ್ತಿದ್ದರು. ಕಬ್ಬಿಣ ಕಲ್ಲಿಗೆ ತಾಗುವ ಆ ಕಿರ್ ಸದ್ದು ನನ್ನ ಬಾಗಿಲಿಗೆ ಕೇಳುತ್ತಿತ್ತು. ತಿಂದರು ಎಂದು ಗೊತ್ತಾಗಿ ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಎಡಗಣ್ಣಿನ ಅಂಚಿನ ಮಂಜು ಹೋಗಲಿಲ್ಲ, ಬಲಗಣ್ಣು ಉಳಿಯಿತು. ಸೂಜಿಗೆ ದಾರ ಪೋಣಿಸಲು ಒಂದು ಕಣ್ಣು ಸಾಕು.

ಹಲಗೆಯ ಎಲ್ಲ ಸಾಲಿನ ಅಂಕಿಯನ್ನೂ ಒಂದು ದಿನ ಬರೆದಿಟ್ಟುಕೊಂಡು, ಬೆಲ್ಲದ ದೋಸೆಯನ್ನೂ ಬಿಟ್ಟೆ. ಮೂರನೇ ದಿನ ಹಲಗೆಯ ಮುಂದೆ ಎಲ್ಲ ಸಾಲನ್ನೂ ಬೆರಳಿಟ್ಟು ನೋಡಿದೆ. ಬೀಗದ ಗುರುತು ಇನ್ನೂರ ಎಪ್ಪತ್ತರಿಂದ ನೂರ ಎಂಬತ್ತೈದಕ್ಕೆ ಇಳಿದಿತ್ತು. ಅಷ್ಟು ವರ್ಷ ನಾನು ಏರಿಸಿದ್ದು ಆ ಬೀಗವನ್ನು. ಅದು ಯಾರೆಂದು ಇವತ್ತಿಗೂ ತಿಳಿದಿಲ್ಲ. ಅವರದೇನು ಹೋಗಿದೆಯೋ, ಕಣ್ಣೋ ಕಾಲೋ, ಅದೂ ತಿಳಿದಿಲ್ಲ. ಕ್ಷಮೆ ಕೇಳಲು ಹಲಗೆಯ ಮೇಲೆ ಮಾತು ಬರೆಯುವ ಹಾಗಿಲ್ಲ. ಗಿರಿಜಾಂಬನ ಕ್ಷಮೆಯನ್ನು ಮಾತ್ರ ಬಾಯಿಬಿಟ್ಟು ಕೇಳಿದೆ. ಹಸಿರು ರವಿಕೆಯ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟೆ.

ನಾಲ್ಕು ವರ್ಷ ಹೀಗೆ ನಡೆಯಿತು. ಹೋದ ಕಾರ್ತಿಕದಲ್ಲಿ ಒಂದು ಬೆಳಗ್ಗೆ ಸೈರನ್ ಕೂಗಿತು. ನನ್ನದನ್ನು ತಿಂದು ಬಾಗಿಲಲ್ಲಿ ನಿಂತೆ. ಚಕ್ರದ ಸದ್ದು ಬರಲಿಲ್ಲ. ಪಕ್ಕದ ಹಳ್ಳಿಯ ಕಡೆ ಹೋಗಿರಬಹುದು ಎಂದುಕೊಂಡೆ. ಹಾಗೆ ಹೋಗುವ ದಿನವೂ ತಿಂಡಿ ತಿಂದೇ ಹೋಗುತ್ತಿದ್ದರು, ನಾನು ಅಂದಾಜಿನ ಮೇಲೆ ನಡೆಯುತ್ತಿದ್ದೆ. ಆವತ್ತು ಯಾಕೋ ಹೊಸ್ತಿಲು ದಾಟಲು ಮನಸ್ಸಾಗಲಿಲ್ಲ. ಮಿಷನ್ ಮುಂದೆ ಕೂತೆ, ಹೊಲಿಯಲಿಲ್ಲ. ಒಂಬತ್ತೂವರೆಗೆ ಬೆರಳಿಗೆ ಚುಚ್ಚಿದೆ. ಬರಿಹೊಟ್ಟೆಗೆ ನೂರಿಪ್ಪತ್ತೊಂದು ಇತ್ತು. ಈಗಲೂ ನೂರಿಪ್ಪತ್ತೊಂದು.

ಡಾಕ್ಟರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ನಾನು ಆ ಅಂಕಿ ನೋಡುತ್ತಾ ಕೂತೇ ಇದ್ದೆ. ಮುಕುಂದಯ್ಯ ಬೀದಿಯಲ್ಲಿ ಬರುವುದು ಕಾಣಿಸಿತು. ಹೆಗಲ ಮೇಲಿನ ಬಟ್ಟೆ ಕೈಯಲ್ಲಿ ಹಿಡಿದಿದ್ದರು, ತಲೆ ತಗ್ಗಿತ್ತು. ಅವರು ಬಾಯಿ ತೆರೆಯುವ ಮೊದಲೇ, “ಗೊತ್ತಾಯ್ತು,” ಎಂದೆ.

ನಿದ್ದೆಯಲ್ಲೇ ಹೋಗಿದ್ದರು. ಸೈರನ್ ಕೂಗಿದಾಗ ಅವರ ಜಾಗ ಖಾಲಿ ಇದ್ದದ್ದು ನೋಡಿ ಮುಕುಂದಯ್ಯ ಹೋಗಿ ಬಾಗಿಲು ತಟ್ಟಿದ್ದರು. ನಾನು ಎರಡು ದಿನದ ಹಿಂದೆ ಕೊಟ್ಟಿದ್ದ ಕತ್ತರಿ ಸಾಣೆಯಾಗಿ ಹಳೆಯ ಬಟ್ಟೆಯಲ್ಲಿ ಸುತ್ತಿ ಚಕ್ರದ ಹಲಗೆಯ ಮೇಲಿತ್ತು. ಮಣ್ಣು ಮಾಡಿ ಬಂದು ಅದನ್ನು ಪೆಟ್ಟಿಗೆಯಲ್ಲಿಟ್ಟೆ. ಆವತ್ತಿನ ಚೀಟಿಯನ್ನೂ ಡಬ್ಬಿಗೆ ಹಾಕಿದ್ದೆ. ನೂರಿಪ್ಪತ್ತೊಂದು, ನೂರಿಪ್ಪತ್ತೊಂದು. ಹಲಗೆಯ ಮುಂದೆ ನಿಂತ ಯಾರೋ, “ಕತ್ತರಿ ಎಷ್ಟು ಚೆನ್ನಾಗಿದೆ ನೋಡಿ,” ಎಂದರು.

ಹದಿನೈದು ದಿನ ಅಂಕಿ ಹಾಗೇ ಇತ್ತು. ಪ್ರತಿದಿನ ಒಂಬತ್ತೂವರೆಗೆ ಅದನ್ನು ನೋಡುವುದು, ಅವರು ಇಲ್ಲ ಎಂದು ಮತ್ತೊಮ್ಮೆ ಕೇಳಿಸಿಕೊಂಡ ಹಾಗೆ ಇರುತ್ತಿತ್ತು. ಒಬ್ಬರು ಹೋದರೆ ಕೆಲವು ದಿನಕ್ಕೆ ಇನ್ಯಾರದೋ ಬೆಳಗಿನ ತಿಂಡಿ ಆ ಜಾಗಕ್ಕೆ ಬರುತ್ತದೆ ಎಂದು ಹಿರಿಯರು ಹೇಳುವುದುಂಟು. ಹದಿನಾರನೇ ದಿನ ಚುಚ್ಚಿದಾಗ ಇನ್ನೂರ ಮೂವತ್ತಾರು ಬಂತು.

ಚೀಟಿ ನೋಡಿ ಸಿಸ್ಟರ್ ಫಿಲೋಮಿನಾ ಗಾಬರಿಯಾದರು. ಅವರಿಗೂ ಈಗ ವಯಸ್ಸಾಗಿದೆ, ಅಂಕಿಯನ್ನು ಹತ್ತಿರ ಹಿಡಿದು ಓದುತ್ತಾರೆ. “ಏರಿಬಿಟ್ಟಿದೆಯಲ್ಲ ಸರ್ವಮಂಗಳಾ?”

“ಯಾರೋ ಹೊಟ್ಟೆ ತುಂಬ ತಿಂದಿದ್ದಾರೆ ಸಿಸ್ಟರ್,” ಎಂದೆ. “ತಿನ್ನಲಿ.”

ಮಾರನೇ ಬೆಳಗ್ಗೆ ಸೈರನ್ ಕೂಗಿತು. ಚಕ್ರದ ಸದ್ದಿಲ್ಲದೆ ಆ ಯಾರೋ ತಿಂದು ಮುಗಿಸಿದ್ದು ಯಾವಾಗ ಎಂದು ನನಗೆ ತಿಳಿಯುವ ಹಾಗಿರಲಿಲ್ಲ. ಇಪ್ಪತ್ತು ನಿಮಿಷ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಕೆರೆ ಏರಿಯ ಕಡೆ ಹೊರಟೆ.